ಹೊಸ್ತಿಲು ದಾಟಿದ ಬೂಟು

ಬೆಳಗಿನ ಐದೂಮುಕ್ಕಾಲು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನ ಮುಂದೆ ನಿಂತ ಬಿಳಿ ವ್ಯಾನಿನ ಹಿಂಬಾಗಿಲು ತೆರೆದಿದೆ. ಒಳಗೆ ಹುಡುಗಿಯೊಬ್ಬಳು ತನ್ನ ಜೇಬುಗಳನ್ನೆಲ್ಲ ಬರಿದು ಮಾಡಿ ಸ್ಟ್ರೆಚರಿನ ಮೇಲೆ ಹರಡಿಕೊಂಡಿದ್ದಾಳೆ. ಮೂರು ಜೊತೆ ಕೈಗವಸು, ಎರಡು ಮಾಸ್ಕು, ಬೆರಳುದ್ದದ ಟಾರ್ಚು, ಮೊಂಡುತುದಿಯ ಕತ್ತರಿ, ಒಂದು ಸಣ್ಣ ನೋಟ್‌ಬುಕ್ಕು, ಎರಡು ಪೆನ್ನು. ಒಂದೊಂದನ್ನೂ ಮುಟ್ಟಿ, ಹೆಸರು ಹೇಳಿ, ಅದರದರ ಜೇಬಿಗೆ ಇಳಿಸುತ್ತಾಳೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿಕೊಳ್ಳುತ್ತಾಳೆ. ಕೊನೆಗೆ ಬಗ್ಗಿ ಬೂಟಿನ ಲೇಸಿಗೆ ಎರಡು ಗಂಟು ಹಾಕಿ, ಉಳಿದ ತುದಿಯನ್ನು ಬೂಟಿನೊಳಕ್ಕೇ ತುರುಕುತ್ತಾಳೆ.

ಹೆಸರು ರಮ್ಯ, ವಯಸ್ಸು ಇಪ್ಪತ್ಮೂರು. ಇಲ್ಲಿನ ಹನ್ನೊಂದು ಕಾರ್ಖಾನೆಗಳವರು ಕೂಡಿ ಇಟ್ಟುಕೊಂಡಿರುವ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವುದು ಅವಳ ಕೆಲಸ. ಗಾಯ ಕಟ್ಟಬೇಕು, ಉಸಿರು ನೋಡಿಕೊಳ್ಳಬೇಕು, ಆಸ್ಪತ್ರೆ ಮುಟ್ಟುವ ತನಕ ಆ ಜೀವಕ್ಕೆ ಹೊಣೆಯಾಗಬೇಕು. ಪತ್ರಿಕೆಯಲ್ಲಿ "ಅವರು" ಎಂದು ಬರೆಯುತ್ತೇನೆ ಅಂದೆ. "ಅಯ್ಯೋ ಬ್ಯಾಡಿ ಸಾ, ಓದ್ದೋರು ಯಾರೋ ಡಾಕ್ಟ್ರಮ್ಮ ಅನ್ಕಂಬುಡ್ತಾರೆ," ಎಂದು ನಕ್ಕಳು. ಹಾಗಾಗಿ ಇಲ್ಲಿ ಏಕವಚನ. ಮರ್ಯಾದೆ ಕಡಿಮೆಯಾಗಿ ಅಲ್ಲ, ಅವಳ ಮಾತಿಗೆ ಬೆಲೆ ಕೊಟ್ಟು.

ನಾನು ಅವಳ ಜೊತೆಗಿದ್ದ ವಾರ ಅವಳಿಗೆ ಹಗುರದ್ದಾಗಿರಲಿಲ್ಲ. ಆರು ತಿಂಗಳ ತರಬೇತಿ ಆ ಶನಿವಾರಕ್ಕೆ ಮುಗಿಯುತ್ತದೆ. ಕಲಿಯುತ್ತಿರುವವರು ಮೂವರು, ವ್ಯಾನಿನಲ್ಲಿ ಇರುವ ಜಾಗ ಎರಡೇ, ಹಗಲಿಗೊಂದು, ರಾತ್ರಿಗೊಂದು. ಉಳಿದ ಒಬ್ಬರು ಯಾವುದಾದರೂ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಗೆ ಹೋಗಿ ಹತ್ತಿ, ಟಿಂಚರು, ತಲೆನೋವಿನ ಮಾತ್ರೆ ಹಂಚಿಕೊಂಡು ಕೂರಬೇಕು. ರಮ್ಯಳ ಕಡತದಲ್ಲಿ ಕೆಂಪು ಶಾಯಿಯ ಒಂದು ಸಾಲಿದೆ: "ಕರ್ತವ್ಯದ ವೇಳೆ ಬೂಟು ಬಿಚ್ಚಿದ್ದು." ಮಿಕ್ಕ ಇಬ್ಬರ ಕಡತದಲ್ಲಿ ಅಂಥದ್ದೇನಿಲ್ಲ.

ಆ ಸಾಲು ಬರೆದವರು ತರಬೇತಿ ಕೊಡುವ ನಾಗರಾಜು. ಚನ್ನಪಟ್ಟಣ ತಾಲ್ಲೂಕು ಬೈರಾಪಟ್ಟಣದವರು, ಹದಿನೇಳು ವರ್ಷ ಮಿಲಿಟರಿಯ ವೈದ್ಯಕೀಯ ವಿಭಾಗದಲ್ಲಿದ್ದು ಬಂದವರು. ಮನುಷ್ಯನ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಮೊದಲ ದಿನ ನನ್ನ ಕಾಲಲ್ಲಿ ಚಪ್ಪಲಿ ಇತ್ತು. "ಬರಿಯೋರಾದ್ರೇನ್ ಸ್ವಾಮಿ, ನಿಮ್ ಕಾಲ್ಗೂ ಗಾಜು ಚುಚ್ತದೆ. ಬೂಟು ಹಾಕ್ಕಂಡು ಬನ್ನಿ, ಆಮ್ಯಾಲೆ ವ್ಯಾನ್ ಹತ್ತಿ," ಎಂದು ವಾಪಸ್ ಕಳಿಸಿಯೇಬಿಟ್ಟರು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಕನಕಪುರಕ್ಕೆ ಹೋಗಿ ಕೊಂಡು ತಂದೆ.

"ವ್ಯಾನಲ್ಲಿ ಸಾಮಾನು ರಾಶಿ ಐತೆ, ಒಪ್ಕತೀನಿ," ಎನ್ನುತ್ತಾರೆ ನಾಗರಾಜು. "ಆದ್ರೆ ವ್ಯಾನು ರಸ್ತೇಲಿ ನಿಂತಿರ್ತದೆ, ಗಾಯ ಆದೋನು ಮೂರ್ನೇ ಮಹಡೀಲಿ ಬಿದ್ದಿರ್ತಾನೆ. ಓಡೋಗಿ ಮುಟ್ಟಿದ ಗಳಿಗೇಲಿ ನಿನ್ ಮೈಮ್ಯಾಲೆ ಏನೈತೋ ಅಷ್ಟೇಯ ನಿನ್ ಆಸ್ಪತ್ರೆ." ಆದ್ದರಿಂದ ಅವರ ಪಾಠ ಶುರುವಾಗುವುದು ಔಷಧಿಯಿಂದಲ್ಲ, ಅಂಗಡಿಯಿಂದ. ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಇರಲೇಬೇಕು, ನಾಡಿ ಎಣಿಸಬೇಕಲ್ಲ. ಅಂಕಿ ಮಾತ್ರ ತೋರಿಸುವ ಹೊಳೆಯುವ ಗಡಿಯಾರ ಕಟ್ಟಿಕೊಂಡು ಬಂದವರಿಗೆ ಬೈಗುಳ ಖಾತ್ರಿ. ಟಾರ್ಚು ಹಲ್ಲಲ್ಲಿ ಕಚ್ಚಿ ಹಿಡಿಯುವಷ್ಟು ಸಣ್ಣದಿರಬೇಕು. ಕೂದಲು ಗಂಟು, ಕಿವಿಗೆ ಜೋತಾಡುವಂಥದ್ದು ಬೇಡ, ಕೈಗೆ ಬಳೆ ಬೇಡ. ಕತ್ತರಿಯ ತುದಿ ಮೊಂಡಾಗಿರಬೇಕು.

ಕತ್ತರಿಯ ವಿಷಯಕ್ಕೆ ರಮ್ಯ ಈಗಲೂ ನಗೆಪಾಟಲು. ತಿಪ್ಪಸಂದ್ರದ ಕಡೆಯ ಹುಡುಗಿ, ಅಪ್ಪ ಚಿಕ್ಕಬೀರಯ್ಯ ಎರಡೆಕರೆಯಲ್ಲಿ ರಾಗಿ ಬೆಳೆದು ಕುರಿ ಮೇಯಿಸುವವರು. ಕತ್ತರಿ ತಾ ಅಂದಾಗ ಅವಳು ಮನೆಯಿಂದ ತಂದದ್ದು ಉಣ್ಣೆ ಕತ್ತರಿಸುವ ಕತ್ತರಿ! ಒಂದು ಮೊಳದಷ್ಟಿತ್ತಂತೆ. "ಬಟ್ಟೆ ಕುಯ್ಯಕ್ಕೆ ತಾನೇ, ಇದ್ರಂಗೆ ಯಾವ್ದೂ ಕುಯ್ಯಕಿಲ್ಲ ಅನ್ಕಂಡೆ," ಎನ್ನುತ್ತಾಳೆ. ನಾಗರಾಜು ಒಂದು ಕುಂಬಳಕಾಯಿಗೆ ಹಳೇ ಪ್ಯಾಂಟು ಸುತ್ತಿಕೊಟ್ಟು, ಓಡುವ ವ್ಯಾನಿನಲ್ಲಿ ಬಟ್ಟೆಯನ್ನು ಮಾತ್ರ ಕತ್ತರಿಸು ಅಂದರು. ಹಳ್ಳ ಬಂದಲ್ಲೆಲ್ಲ ತುದಿ ಕುಂಬಳಕಾಯಿಗೆ ಇಳಿಯಿತು. ಚಾಲಕ ಖಲಂದರ್ ಅದನ್ನು ಮನೆಗೆ ಒಯ್ದು ಸಾರು ಮಾಡಿಸಿದ. "ಪೇಷಂಟು ಬಾಳ ರುಚಿಯಾಗಿದ್ದ," ಎಂದು ಇವತ್ತಿಗೂ ಕಾಡಿಸುತ್ತಾನೆ.

ಪಿಯುಸಿ ಮುಗಿಸಿದ ರಮ್ಯ ಇಲ್ಲಿಗೆ ಬರುವ ಮೊದಲು ಎರಡು ವರ್ಷ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡಿದವಳು. ಬಾಡಿಗೆ ಮನೆಯಲ್ಲಿ ಅವಳ ಜೊತೆಗಿರುವ ರಾಮನಗರದ ನೂರ್ಜಹಾನ್ ಆಗ ಇಸ್ತ್ರಿ ವಿಭಾಗದಲ್ಲಿದ್ದಳು. ಒಂದು ದಿನ ಹಬೆಯ ಪೈಪು ಬಿಟ್ಟುಕೊಂಡು ಅವಳ ಎಡತೋಳು ಬೆಂದುಹೋಯಿತು. ಸುತ್ತಲಿದ್ದವರು ಟೂತ್‌ಪೇಸ್ಟ್ ಮೆತ್ತಿದರು, ಮೇಲೊಂದು ಟವೆಲ್ ಸುತ್ತಿದರು, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟರು. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ಆ ಹುಡುಗಿ ಕೂಗಿದ್ದು ಬೀದಿಗೆ ಕೇಳಿತಂತೆ. "ಒಸಿ ತಣ್ಣೀರು ಬುಟ್ಟಿದ್ರೆ ಸಾಕಾಗಿತ್ತು ಸಾ. ಪೇಸ್ಟ್ ತಂದ್ಕೊಟ್ಟೋಳು ನಾನೇಯ," ಎನ್ನುವಾಗ ರಮ್ಯಳ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಆಂಬುಲೆನ್ಸಿಗೆ ಜನ ಬೇಕು ಎಂಬ ಚೀಟಿ ಗೇಟಿನಲ್ಲಿ ಕಂಡ ದಿನವೇ ಅರ್ಜಿ ಹಾಕಿದಳು. ಅವಳಿಗೆ ಪ್ರಥಮ ಚಿಕಿತ್ಸೆಯ ಕೋಣೆ ಬೇಡ, ವ್ಯಾನೇ ಬೇಕು ಅನ್ನುವುದಕ್ಕೆ ಇದೇ ಕಾರಣ.

ಹತ್ತು ವರ್ಷದ ಹಿಂದೆ ಈ ಶೆಡ್ಡಿದ್ದ ಜಾಗದಲ್ಲಿ ಹುರುಳಿ ಬಿತ್ತುತ್ತಿದ್ದರು. ಈಗ ಸುತ್ತ ಎತ್ತ ನೋಡಿದರೂ ತಗಡಿನ ಚಾವಣಿ, ದಿನಕ್ಕೆ ಮೂರು ಸಲ ಸೈರನ್. ರಾಮನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿಲ್ಲ. ರಮ್ಯಳ ಪಾಳಿ ಬೆಳಿಗ್ಗೆ ಆರರಿಂದ ಸಂಜೆ ಆರು. ಐದೂವರೆ ತಿಂಗಳಲ್ಲಿ ಹೋದ ಕರೆಗಳು ಇನ್ನೂರ ಹದಿನಾಲ್ಕು, ಅದರಲ್ಲಿ ಯಂತ್ರಕ್ಕೆ ಕೈಬೆರಳು ಸಿಕ್ಕಿಸಿಕೊಂಡವರೇ ನಲವತ್ತೊಂದು. ದಿನಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಓಡಾಟ. ವ್ಯಾನು ಕಾರ್ಖಾನೆಗಳದ್ದೇ ಆದರೂ ಅಕ್ಕಪಕ್ಕದ ಹಳ್ಳಿಯಿಂದ ಫೋನ್ ಬಂದರೆ ಇಲ್ಲ ಅನ್ನುವ ಪದ್ಧತಿ ಇಲ್ಲ. ರಮ್ಯಳ ಕೆಂಪು ಸಾಲು ಹುಟ್ಟಿದ್ದು ಅಂಥದ್ದೊಂದು ಹಳ್ಳಿಮನೆಯಲ್ಲಿ.

ಅದು ಅವಳು ವ್ಯಾನ್ ಹತ್ತಿದ ಎರಡನೇ ವಾರ. ಮನೆಯ ಯಜಮಾನ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲ್ ಹತ್ತಿ, ಟ್ಯೂಬಿನ ಸಮೇತ ಕೆಳಗೆ ಬಿದ್ದಿದ್ದರು. ತಲೆಗೆ ಪೆಟ್ಟು, ಕತ್ತು ಅಲುಗಾಡದಂತೆ ಇಬ್ಬರು ಹಿಡಿದು ಎತ್ತಬೇಕು. ರಮ್ಯ ಚೀಲ ಹಿಡಿದು ಓಡಿದಳು, ಬಾಗಿಲ ತನಕ ಓಡಿದಳು, ಅಲ್ಲಿ ಕೂತು ಲೇಸು ಬಿಚ್ಚಿ ಬೂಟು ಕಳಚಿ ಗೋಡೆಗೆ ಒತ್ತರಿಸಿಟ್ಟಳು! ಆಮೇಲೆ ಒಳಗೆ ಹೋದಳು. ಮೂರನೇ ಹೆಜ್ಜೆಗೆ ಟ್ಯೂಬಿನ ಗಾಜು ಅಂಗಾಲಿಗೆ ಇಳಿಯಿತು.

"ಯೋಚ್ನೆ ಮಾಡಿ ಬುಟ್ಟಿದ್ದಲ್ಲ ಸಾ. ಕಾಲೇ ಬುಟ್ಬುಡ್ತು," ಎನ್ನುತ್ತಾಳೆ ರಮ್ಯ. "ನಮ್ಮವ್ವ ದಿನಾ ಹೊಸ್ತಿಲ್ಗೆ ಅರಿಶ್ನ ಕುಂಕುಮ ಇಕ್ತಾಳೆ. ಹುಟ್ಟಿದಾಗಿಂದ ಅದ್ನ ಕೆರ ಹಾಕ್ಕಂಡು ದಾಟಿಲ್ಲ. ಅದ್ರಾಗೂ ಬ್ಯಾರೇರ ಮನೆ. ಎದ್ರುಗೇ ದೇವ್ರ ಪಟ ಕಾಣ್ತಿತ್ತು."

ಐದು ಹೊಲಿಗೆ, ಹದಿನಾರು ದಿನ ರಜೆ. ಬಿದ್ದವರು ಉಳಿದುಕೊಂಡರು, ಪುಣ್ಯಕ್ಕೆ. ಆದರೆ ಆ ಹೊತ್ತು ಖಲಂದರ್ ಏನೂ ತರಬೇತಿಯಿಲ್ಲದ ಮನೆಯವರನ್ನೇ ಕಟ್ಟಿಕೊಂಡು ಬಿದ್ದವರನ್ನು ಎತ್ತಬೇಕಾಯಿತು. ನಾಗರಾಜು ಅದನ್ನು ಮರೆಯುವುದಿಲ್ಲ. "ಅವಳ್ಗೆ ಗಾಯ ಆಯ್ತು ಅಂತ ಬರೀನಿಲ್ಲ ನಾನು. ಅವಳು ಮೂಲೇಲಿ ಕಾಲು ಹಿಡ್ಕಂಡು ಕೂತಾಗ ಆ ಯಪ್ಪನ ಕತ್ತು ಹಿಡಿಯೋರು ಯಾರು? ಅದುಕ್ಕೆ ಬರ್ದೆ," ಎನ್ನುತ್ತಾರೆ. ಮಾತು ಖಾರ, ಆದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆಮೇಲೆ ಶೆಡ್ಡಿನ ಬಾಗಿಲಿಗೆ ಒಂದು ಹಲಗೆ ಬಂತು. ಅದೇ ಹೊಸ್ತಿಲು. ಮೂವರೂ ಬೆಳಿಗ್ಗೆ ಇಪ್ಪತ್ತು ಸಲ ಬೂಟು ಹಾಕಿಕೊಂಡೇ ಅದನ್ನು ದಾಟಬೇಕು. ಮಿಲಿಟರಿಯವರ ತಲೆ ನೋಡಿ, ಹಲಗೆಗೆ ಅರಿಶಿನ ಕುಂಕುಮವನ್ನೂ ಇಡಿಸಿದರು! ರಮ್ಯ ತನ್ನದೇ ಒಂದು ದಾರಿ ಹುಡುಕಿದ್ದಳು. ದಪ್ಪ ಬಟ್ಟೆಯಲ್ಲಿ ಎಲಾಸ್ಟಿಕ್ ಕೂರಿಸಿ ಬೂಟಿನ ಮೇಲೆ ಎಳೆದುಕೊಳ್ಳುವ ಗವಸು ಹೊಲಿದಿದ್ದಳು. ಬೂಟೂ ಬಿಡಬೇಕಿಲ್ಲ, ಮನೆಯವರಿಗೂ ನೋವಿಲ್ಲ. ನಾಗರಾಜು ಸಿಮೆಂಟಿನ ಮೇಲೆ ಒಂದು ಚೊಂಬು ನೀರು ಚೆಲ್ಲಿ, "ಸ್ಟ್ರೆಚರ್ ಹಿಡ್ಕಂಡು ನಡಿ," ಅಂದರು. ಎರಡನೇ ಹೆಜ್ಜೆಗೆ ಜಾರಿ ಕೂತಳು. ಗವಸು ಅಲ್ಲಿಗೆ ಮುಗಿಯಿತು.

ಬೂಟೂ ಸುಲಭಕ್ಕೆ ಸಿಕ್ಕಿದ್ದಲ್ಲ. ಕೊಟ್ಟ ಬೂಟುಗಳಲ್ಲಿ ಅತಿ ಚಿಕ್ಕದು ಆರನೇ ನಂಬರು, ಅವಳ ಕಾಲು ನಾಲ್ಕು. ಮೊದಲ ತಿಂಗಳು ಎರಡೆರಡು ಕಾಲುಚೀಲ ಹಾಕಿ, ಮುಂದಕ್ಕೆ ಹತ್ತಿ ತುರುಕಿ ಓಡಾಡಿದಳು. ಹಿಮ್ಮಡಿ ಮೇಲೆದ್ದು ಬರುತ್ತಿತ್ತು, ಮೆಟ್ಟಿಲಲ್ಲಿ ಎಡವುತ್ತಿದ್ದಳು. ಮೂರು ಭಾನುವಾರ ಬೆಂಗಳೂರು ಸುತ್ತಿ ಕಡೆಗೊಂದು ಅಂಗಡಿಯಲ್ಲಿ ಹೊಂದುವ ಜೋಡಿ ಹಿಡಿದಳು. ಗಿಣ್ಣು ಮುಚ್ಚುವ ಎತ್ತರ, ನೀರು ಇಳಿಯದ ಚರ್ಮ, ಹಲ್ಲುಹಲ್ಲಾದ ರಬ್ಬರ್ ಅಡಿ. ಅದನ್ನು ಹಾಕಿಕೊಂಡು ಊರಿಗೆ ಹೋದಾಗ ಮನೆಯಲ್ಲೂ ಅಭ್ಯಾಸ ಮಾಡುತ್ತೇನೆ ಅಂದಳಂತೆ. ಅವ್ವ ಮುನಿತಾಯಮ್ಮ ಪೊರಕೆ ಎತ್ತಿಕೊಂಡರು. ಅಪ್ಪ ಮಾತ್ರ ಅವಳನ್ನು ಕುರಿದೊಡ್ಡಿಗೆ ಕರೆದೊಯ್ದು, ಕುರಿಗಳ ನಡುವೆ ತಾವೇ ಅಂಗಾತ ಮಲಗಿ, "ಬಾ ಮಗ, ನಂಗೆ ಪೆಟ್ಟು ಬಿದ್ದೈತೆ," ಎಂದರಂತೆ. ದೊಡ್ಡಿಯ ಬಾಗಿಲು ದಾಟಿ ದಾಟಿ ಆ ಭಾನುವಾರ ಕಳೆಯಿತು.

ಇಷ್ಟೆಲ್ಲ ಮಾಡಿದರೂ ಹಲಗೆ ಹಲಗೆಯೇ, ಕುರಿದೊಡ್ಡಿ ಕುರಿದೊಡ್ಡಿಯೇ. ಆ ಐದು ತಿಂಗಳಲ್ಲಿ ಅವಳಿಗೆ ಬಂದ ಕರೆಗಳೆಲ್ಲ ಕಾರ್ಖಾನೆಯವು, ರಸ್ತೆಯವು. ಇನ್ನೊಂದು ಹಳ್ಳಿಮನೆಯ ಒಳಗೆ ಹೋಗುವ ಸಂದರ್ಭವೇ ಬರಲಿಲ್ಲ. "ನಿಜವಾದ್ ಮನೇಲಿ ನೋಡ್ದೆ ಆ ಸಾಲು ಹೊಡ್ದಾಕಾಕಿಲ್ಲ," ಎಂದು ನಾಗರಾಜು ಖಡಾಖಂಡಿತ ಹೇಳಿಬಿಟ್ಟಿದ್ದರು. ಶನಿವಾರ ಹತ್ತಿರ ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಫೋನ್ ಬರುತ್ತದೆ. ಏಳು ಕಿಲೋಮೀಟರ್ ಆಚೆಯ ಹಳ್ಳಿ. ನೀರು ಕಾಯಿಸುವ ಕಾಯಿಲ್‌ನಿಂದ ಹೆಂಗಸಿಗೆ ಕರೆಂಟ್ ಹೊಡೆದಿದೆ. ನಾನೂ ವ್ಯಾನಿನಲ್ಲಿದ್ದೇನೆ. ಹನ್ನೊಂದು ನಿಮಿಷಕ್ಕೆ ಮನೆ ಮುಂದೆ ನಿಲ್ಲುತ್ತೇವೆ. ಅಂಗಳದಲ್ಲಿ ಹತ್ತಾರು ಜನ, ಒಬ್ಬರೂ ಒಳಗಿಲ್ಲ. ಬಕೆಟ್ ಮಗುಚಿ ಬಚ್ಚಲೆಲ್ಲ ನೀರು, ಕಾಯಿಲ್ ಇನ್ನೂ ಉರಿಯುತ್ತಿದೆ, ಆ ನೀರಿನಂಚಿನಲ್ಲಿ ಮೂವತ್ತರ ಲತಾಮಣಿ ಎಚ್ಚರವಿಲ್ಲದೆ ಬಿದ್ದಿದ್ದಾಳೆ. ಸ್ವಿಚ್ಚು ಬಚ್ಚಲೊಳಗೇ ಇದೆ, ಮುಟ್ಟಲು ಎಲ್ಲರಿಗೂ ಭಯ; ಮೇನ್ ಇಳಿಸುವುದು ಗಾಬರಿಯಲ್ಲಿ ಯಾರಿಗೂ ಹೊಳೆದಿಲ್ಲ.

ಬಾಗಿಲಲ್ಲಿ ಅವಳ ತಾಯಿ ನಾಗಲಕ್ಷ್ಮಮ್ಮ ನಿಂತಿದ್ದಾರೆ. ಎಪ್ಪತ್ತರ ಮುದುಕಿ, ಕೈಯಲ್ಲಿನ್ನೂ ಸಗಣಿ. ನಡುಮನೆಯನ್ನು ಆಗಷ್ಟೇ ಸಾರಿಸಿದ್ದಾರೆ, ನೆಲ ಹಸಿಯಾಗಿದೆ. ಗಾಬರಿಗೆ ಅವರ ಬುದ್ಧಿ ಎಲ್ಲಿ ಹೋಗಿ ನಿಂತಿತ್ತೋ, ಮಗಳು ಒಳಗೆ ಬಿದ್ದಿದ್ದರೂ ಬಾಯಿಗೆ ಬಂದದ್ದು ದಿನದ ಮಾತೇ. "ಏಯ್, ಕೆರ ಬುಡವ್ವ! ಕೆರ ಬುಟ್ಟು ಬಾ!"

ರಮ್ಯ ನಿಲ್ಲುತ್ತಾಳೆ. ಅರೆಕ್ಷಣ ಇರಬಹುದು, ನನಗಂತೂ ಬಹಳ ಹೊತ್ತು ಅನ್ನಿಸಿತು. ಖಲಂದರ್ ಸ್ಟ್ರೆಚರ್ ಹಿಡಿದು ಹಿಂದೆ ನಿಂತಿದ್ದಾನೆ, ಅವನೂ ಅವಳ ಕಾಲನ್ನೇ ನೋಡುತ್ತಿದ್ದಾನೆ. "ಬುಡಾಕಿಲ್ಲ ಕಣಜ್ಜಿ. ಆಮ್ಯಾಲೆ ಎಷ್ಟ್ ಬೇಕಾದ್ರೂ ಬಯ್ಯಿ. ಮೇನ್ ಎಲ್ಲೈತೆ ಯೋಳು," ಎನ್ನುತ್ತಲೇ ಹೊಸ್ತಿಲು ದಾಟಿ, ಹಸಿ ಸಗಣಿಯ ಮೇಲೆ ದಬದಬನೆ ನಡೆದು ಹೋಗುತ್ತಾಳೆ. ಹಿಂದೆಯೇ ಖಲಂದರ್. ಮುದುಕಿ ಲಬೋಲಬೋ ಅನ್ನುತ್ತಾರೆ.

ಮೇನ್ ಸ್ವಿಚ್ ಇಳಿಸಿದ ಸದ್ದು ನನಗೆ ಹೊರಗೆ ಕೇಳುತ್ತದೆ. ಆಮೇಲೆ ಅವಳ ದನಿ: ಉಸಿರೈತೆ, ನಾಡಿ ತೊಂಬತ್ತಾರು, ಅಂಗೈ ಸುಟ್ಟೈತೆ, ತಲೆ ಹಿಂದೆ ಊದೈತೆ. ಆರು ನಿಮಿಷಕ್ಕೆ ಲತಾಮಣಿ ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ಸ್ಟ್ರೆಚರಿನ ಮೇಲೆ ಹೊರಗೆ ಬರುತ್ತಾಳೆ. ಕನಕಪುರದ ದಾರಿಯಲ್ಲಿ ಅರ್ಧಕ್ಕೆ ಕಣ್ಣು ಬಿಟ್ಟು ಅವ್ವ ಎಲ್ಲಿ ಎಂದು ಕೇಳುತ್ತಾಳೆ. ರಮ್ಯ, "ಹಿಂದೆ ಬತ್ತಾವ್ರೆ, ನನ್ನ ಬಯ್ಕಂಡು," ಎನ್ನುತ್ತಾಳೆ. ಮೇನ್ ಇಳಿಸದೆ ಬರಿಗಾಲಲ್ಲಿ ಆ ಬಚ್ಚಲ ಹತ್ತಿರ ಹೋಗಿದ್ದರೆ ಸ್ಟ್ರೆಚರ್ ಎರಡು ಬೇಕಾಗುತ್ತಿತ್ತು ಎಂಬುದು ಖಲಂದರನ ಲೆಕ್ಕ.

ನಾಗರಾಜುಗೆ ಇದೆಲ್ಲ ಹೇಳಿದೆ, ಕಣ್ಣಾರೆ ಕಂಡದ್ದು ಅಂದೆ. "ನೀವು ಆಚೆ ನಿಂತಿದ್ರಿ. ಹೊಸ್ತಿಲು ದಾಟಿದ್ಮ್ಯಾಲೆ ಒಳಗಡೆ ಬಿಚ್ಚಿದ್ರೆ?" ಎಂದರು. ಖಲಂದರನನ್ನು ಕೇಳಿ ಅಂದೆ. "ಅವನಾ? ಯಾರ್ನೂ ಕೆಟ್ಟೋರು ಅಂದೋನಲ್ಲ. ಅವನ ಮಾತು ಸರ್ಟಿಫಿಕೇಟಾಗಾಕಿಲ್ಲ." ಪ್ರತಿ ಕರೆಯ ಮರುದಿನ ಆ ಮನೆಗೆ ತಾವೇ ಹೋಗಿ ವಿಚಾರಿಸುವುದು ಅವರ ಪದ್ಧತಿ. ಬುಧವಾರ ನಾನೂ ಬೆನ್ನು ಬಿದ್ದೆ. ಮಗಳ ಬಟ್ಟೆ ಕೊಂಡೊಯ್ಯಲು ಆಸ್ಪತ್ರೆಯಿಂದ ಬಂದಿದ್ದ ನಾಗಲಕ್ಷ್ಮಮ್ಮ, ಇವರು ಇಂಥವರು ಎಂದು ತಿಳಿದದ್ದೇ ತಡ, ಶುರು ಮಾಡಿದರು.

"ನೀವೇನಾ ಆ ಹುಡ್ಗೀಗೆ ಮೇಷ್ಟ್ರು? ಬನ್ನಿ ಸಾಮಿ, ನೋಡ್ಬನ್ನಿ! ಬೆಳಿಗ್ಗೆ ಸಾರ್ಸಿದ್ ನೆಲ. ಬುಡವ್ವ ಬುಡವ್ವ ಅಂತ ಬಡ್ಕಂಡೆ, ಕಿವಿಗೇ ಹಾಕ್ಕನ್ನಿಲ್ಲ. ನೋಡಿ ಎಂಗ್ ಮಡಗೋಗವಳೆ!"

ನೋಡಿದೆವು. ಸಗಣಿ ಒಣಗಿ ಗಟ್ಟಿಯಾಗಿದೆ. ಅದರ ಮೇಲೆ ಹೊಸ್ತಿಲಿಂದ ಮೇನ್ ಬೋರ್ಡಿಗೆ, ಅಲ್ಲಿಂದ ಬಚ್ಚಲಿಗೆ, ಬಚ್ಚಲಿಂದ ವಾಪಸ್ ಬಾಗಿಲಿಗೆ, ಎರಡು ಜೊತೆ ಬೂಟಿನ ಗುರುತು. ಒಂದು ದೊಡ್ಡದು, ಖಲಂದರನದು. ಇನ್ನೊಂದು ಸಣ್ಣದು, ಹಲ್ಲುಹಲ್ಲಾದ ಅಡಿಯದು. ನಾಗರಾಜು ಮಂಡಿಯೂರಿ ಕೂತು ಒಂದೊಂದೇ ಹೆಜ್ಜೆ ನೋಡಿಕೊಂಡು ಹೋದರು. ಮುದುಕಿ ತಮ್ಮ ದೂರಿಗೆ ಇಷ್ಟೊಂದು ಬೆಲೆ ಸಿಕ್ಕಿದ್ದು ಕಂಡು ಇನ್ನಷ್ಟು ಹುರುಪಿನಿಂದ ಬೈದರು. ಈ ಮನುಷ್ಯ ಎದ್ದು ನಿಂತು, ಅವರಿಗೆ ಕೈಮುಗಿದು, "ಬಾಳ ಉಪಕಾರ ಆಯ್ತು ಕಣವ್ವ," ಅಂದಾಗ ಪಾಪ, ಅವರಿಗೆ ಏನೂ ಅರ್ಥವಾಗಲಿಲ್ಲ.

ಶನಿವಾರ ಶೆಡ್ಡಿನ ಗೋಡೆಗೆ ಹಾಳೆ ಅಂಟಿಸಿದರು. ವ್ಯಾನು: ಮನೋಹರ್, ರಮ್ಯ. ಕಲಿತ ಮೂವರಲ್ಲಿ ಉಳಿದವನಿಗೆ ಚಿಕಿತ್ಸೆಯ ಕೋಣೆ, ಅವನೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ, ಓಡಾಟ ತಪ್ಪಿತು ಅಂದ. ಕಡತದ ಕೆಂಪು ಸಾಲನ್ನು ನಾಗರಾಜು ಒಂದೇ ಗೆರೆಯಲ್ಲಿ ಹೊಡೆದು ಸಹಿ ಹಾಕಿದ್ದರು. ರಮ್ಯ ಹಾಳೆಯನ್ನು ಎರಡು ಸಲ ಓದಿ, ವ್ಯಾನಿನ ಹಿಂದೆ ಹೋಗಿ ಒಬ್ಬಳೇ ಅತ್ತು ಮುಖ ತೊಳೆದುಕೊಂಡು ಬಂದಳು. ಇನ್ನೇನು ಬೇಕು ಅಂತ ಕೇಳಿದೆ. "ನಂದಾಯ್ತು ಸಾ. ಮುಂದೆ ಯಾವ್ದಾದ್ರೂ ಹುಡ್ಗಿ ಸೇರ್ಕಂಡ್ರೆ ಅವಳ ಅಳತೆ ಬೂಟು ಇಲ್ಲೇ ಸಿಗಂಗಾಗ್ಲಿ. ಊರೂರು ಸುತ್ತೋದು ಬ್ಯಾಡ," ಅಂದಳು. ಅಷ್ಟೇ.

ಮರುದಿನ ಭಾನುವಾರ, ಅವಳಿಗೆ ರಜೆ. ಊರಿಗೆ ಹೋಗುವುದು ಬಿಟ್ಟು ಬಸ್ ಹಿಡಿದು ನಾಗಲಕ್ಷ್ಮಮ್ಮನ ಮನೆಗೆ ಬಂದಿದ್ದಾಳೆ. ಬರುವ ದಾರಿಯಲ್ಲಿ ಯಾರದೋ ಕೊಟ್ಟಿಗೆಯಲ್ಲಿ ಕೇಳಿ ಒಂದು ಬಾಂಡ್ಲಿ ಸಗಣಿ ತಂದಿದ್ದಾಳೆ. ನಡುಮನೆ ಬೂಟಿನ ಗುರುತಿನ ಸಮೇತ ಹಾಗೇ ಇದೆ, ಐದು ದಿನವಾದರೂ ಯಾರೂ ಸಾರಿಸಿಲ್ಲ. ಮುದುಕಿಗೆ ಆಸ್ಪತ್ರೆ ಓಡಾಟದಲ್ಲಿ ಬಿಡುವಾಗಿಲ್ಲ ಎಂದುಕೊಂಡು ರಮ್ಯ ಲಂಗ ಎತ್ತಿ ಸಿಕ್ಕಿಸಿ ಕೂತು, ಸಗಣಿಗೆ ಕೈ ಹಾಕುತ್ತಾಳೆ. "ಕೊಡಜ್ಜಿ, ಒಸಿ ನೀರು. ನಾನ್ ಕೆಡ್ಸಿದ್ದು, ನಾನೇ ಸಾರುಸ್ಕೊಟ್ಟೋಯ್ತೀನಿ."

ನಾಗಲಕ್ಷ್ಮಮ್ಮ ಓಡಿ ಬಂದು ಅವಳ ರಟ್ಟೆ ಹಿಡಿದು ಮೇಲೆಬ್ಬಿಸುತ್ತಾರೆ. ಈಗಲೂ ಬೈಯುವ ದನಿಯೇ.

"ಮುಟ್ಬ್ಯಾಡ ಕಣೇ! ನಾಳೀಕ್ ಲತಾ ಬತ್ತಾಳೆ. ನೀನ್ ಈಗ್ಲೇ ಸಾರುಸ್ಬುಟ್ರೆ, ಯಾರ್ ಬಂದು ನನ್ನ ಎತ್ಕಂಡೋದ್ರು ಅಂತ ನನ್ ಮಗಳು ಕೇಳುದ್ರೆ ನಾನೇನ್ ತೋರುಸ್ಲಿ?"